ಸಿಂಪಲ್ ಟೆನ್ಸ್ ಎಲ್ಲಿ, ಕಂಟಿನ್ಯೂಯಸ್ ಟೆನ್ಸ್ ಎಲ್ಲಿ? ಹಾಸನದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಡಿಗ್ರಿ ಓದುವ ಹುಡುಗ ಹುಡುಗಿಯರು ಬರುತ್ತಾರೆ. ಸಕಲೇಶಪುರದ ಕಡೆ ಹೋಂಸ್ಟೇ ನಡೆಸುವವರು, ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್‌ಗಳು, ಬೇಲೂರು ಹಳೇಬೀಡಿನಲ್ಲಿ ಗೈಡ್ ಆಗಬೇಕು ಅನ್ನುವವರು, ಮಕ್ಕಳ ಹೋಂವರ್ಕ್ ತಾವೇ ನೋಡಬೇಕು ಅನ್ನುವ ಅಮ್ಮಂದಿರು ಕೂಡ ಬರುತ್ತಾರೆ. ಎಲ್ಲರಿಗೂ ಇರುವ ಅನುಮಾನ ಒಂದೇ. ಕ್ರಿಯಾಪದಕ್ಕೆ ಯಾವಾಗ ಇಂಗ್ ಸೇರಿಸಬೇಕು, ಯಾವಾಗ ಬಿಡಬೇಕು?

ನಮ್ಮವರು ಇದರಲ್ಲಿ ಎಲ್ಲ ಕಡೆ ಎಡವುವುದಿಲ್ಲ. ಕೆಲವೇ ಕೆಲವು ಜಾಗದಲ್ಲಿ ಎಡವುತ್ತಾರೆ, ಅದೂ ಪ್ರತಿ ಸಲ ಅದೇ ಜಾಗದಲ್ಲಿ. ಆ ಜಾಗಗಳು ಯಾವುವು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಇಂಗ್ಲಿಷ್ ವಾಕ್ಯಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಬಾಯಿಬಿಟ್ಟು ಓದಿಕೊಳ್ಳಿ. ಕಿವಿಗೆ ಬಿದ್ದ ವಾಕ್ಯ ಬೇಗ ನಾಲಿಗೆಗೆ ಬರುತ್ತದೆ.

ಸಿಂಪಲ್ ಅಂದ್ರೆ ಏನು, ಕಂಟಿನ್ಯೂಯಸ್ ಅಂದ್ರೆ ಏನು? ಸುಲಭವಾಗಿ ಹೇಳಿ.

ಕೆಲಸ ಶುರುವಾಗಿದೆ, ಇನ್ನೂ ಮುಗಿದಿಲ್ಲ, ನಾವು ಅದರ ನಡುವೆ ನಿಂತು ಮಾತಾಡುತ್ತಿದ್ದೇವೆ. ಆಗ ಕಂಟಿನ್ಯೂಯಸ್. ಕೆಲಸವನ್ನು ಇಡಿಯಾಗಿ ಹೇಳುತ್ತಿದ್ದೇವೆ, ಇಲ್ಲವೇ ರೂಢಿಯಾಗಿ ನಡೆಯುವುದನ್ನು ಹೇಳುತ್ತಿದ್ದೇವೆ. ಆಗ ಸಿಂಪಲ್.

ಹಾಸನಾಂಬ ದೇವಸ್ಥಾನದ ಬಾಗಿಲು ವರ್ಷಕ್ಕೊಮ್ಮೆ ಮಾತ್ರ ತೆರೆಯುತ್ತದೆ, ಆಶ್ವೀಜ ಹುಣ್ಣಿಮೆ ಕಳೆದ ಮೊದಲ ಗುರುವಾರ. ಊರಿಗೆ ಹೊಸದಾಗಿ ಬಂದವರಿಗೆ ಇದನ್ನು ಹೇಳುವಾಗ "ದಿ ಟೆಂಪಲ್ ಓಪನ್ಸ್ ಒನ್ಸ್ ಎ ಇಯರ್" ಅನ್ನಬೇಕು. ಇದು ವರ್ಷ ವರ್ಷ ನಡೆಯುವ ಪದ್ಧತಿ. ಅದೇ ಗುರುವಾರ ಗುಡಿ ಮುಂದೆ ನಿಂತು ಬೆಂಗಳೂರಿನ ಗೆಳತಿಗೆ ಫೋನ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಅರ್ಚಕರು ಬಾಗಿಲ ಹತ್ತಿರ ಇದ್ದಾರೆ, ಜನ ಕತ್ತು ಉದ್ದ ಮಾಡಿ ನೋಡುತ್ತಿದ್ದಾರೆ. ಆಗ "ದೇ ಆರ್ ಓಪನಿಂಗ್ ದಿ ಡೋರ್ಸ್ ನೌ". ದೇವಸ್ಥಾನ ಅದೇ, ಬಾಗಿಲೂ ಅದೇ. ನೀವು ಹೇಳಹೊರಟ ಸಂಗತಿ ಬೇರೆ, ಅದಕ್ಕೇ ಟೆನ್ಸೂ ಬೇರೆ.

ಕನ್ನಡದಲ್ಲೂ ಈ ವ್ಯತ್ಯಾಸ ಇದೆ ಅಲ್ವಾ? ಮತ್ತೆ ನಮಗೆ ಯಾಕೆ ಕಷ್ಟ?

ಇದೆ. "ನಾನು ದಿನಾ ವಾಕಿಂಗ್ ಹೋಗ್ತೀನಿ", "ನಾನೀಗ ವಾಕಿಂಗ್ ಹೋಗ್ತಿದ್ದೀನಿ". ಮೊದಲನೆಯದು ಸಿಂಪಲ್, ಎರಡನೆಯದು ಕಂಟಿನ್ಯೂಯಸ್. ಇಲ್ಲಿ ಕನ್ನಡವನ್ನೇ ನಂಬಿ ಇಂಗ್ಲಿಷ್ ಮಾತಾಡಬಹುದು, ತಪ್ಪಾಗುವುದಿಲ್ಲ.

ಎರಡೂ ಭಾಷೆಯ ದಾರಿ ಬೇರೆಯಾಗುವುದು ಮುಖ್ಯವಾಗಿ ನಾಲ್ಕು ಕಡೆ. ಒಂದು, ಗೊತ್ತು, ಬೇಕು, ಇದೆ, ಇಷ್ಟ ಅನ್ನುವಂಥ ಮಾತುಗಳು. ಎರಡು, ಹಳೆಯ ದಿನಗಳ ಬಗ್ಗೆ "ಮಾಡ್ತಿದ್ದೆ, ಹೋಗ್ತಿದ್ದೆ" ಅನ್ನುವುದು. ಮೂರು, "ನಾಳೆ ಬರ್ತೀನಿ" ಅನ್ನುವುದು. ನಾಲ್ಕು, "ಐದು ವರ್ಷದಿಂದ ಇಲ್ಲೇ ಇದ್ದೀನಿ" ಅನ್ನುವುದು. ಮುಂದೆ ಒಂದೊಂದನ್ನೂ ನೋಡೋಣ.

"ಐ ವರ್ಕ್" ಸರಿಯಾ, "ಐ ಆಮ್ ವರ್ಕಿಂಗ್" ಸರಿಯಾ?

ಎರಡೂ ಸರಿ, ಅರ್ಥ ಬೇರೆ. "ಐ ವರ್ಕ್ ಇನ್ ಎ ಬ್ಯಾಂಕ್" ಅಂದರೆ ಅದು ನಿಮ್ಮ ಕಾಯಂ ಉದ್ಯೋಗ. ಭಾನುವಾರ ಮನೆಯಲ್ಲಿ ಮಲಗಿದ್ದಾಗಲೂ ಆ ಮಾತು ನಿಜ. "ಐ ಆಮ್ ವರ್ಕಿಂಗ್ ಇನ್ ಸಕಲೇಶಪುರ ದಿಸ್ ಮಂತ್" ಅಂದರೆ ಸದ್ಯಕ್ಕೆ ಅಲ್ಲಿದ್ದೀರಿ, ಮುಂದೆ ಬದಲಾಗಬಹುದು.

ನಮ್ಮ ಊರಿನಲ್ಲೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. 1982ರಲ್ಲಿ ಶುರುವಾದದ್ದು. ಭೂಸ್ಥಿರ ಕಕ್ಷೆಯ ಉಪಗ್ರಹಗಳನ್ನು ನೋಡಿಕೊಳ್ಳುವುದು ಅದರ ಕೆಲಸ. ಆ ಸಂಸ್ಥೆಯ ಬಗ್ಗೆ ಹೇಳುವಾಗ "ಇಟ್ ಕಂಟ್ರೋಲ್ಸ್ ಸ್ಯಾಟಲೈಟ್ಸ್". ಹೊಸ ಉಪಗ್ರಹವೊಂದು ಹಾರಿದೆ, ಅದನ್ನು ಹಂತ ಹಂತವಾಗಿ ಮೇಲಿನ ಕಕ್ಷೆಗೆ ಏರಿಸುವ ಕೆಲಸ ಈ ವಾರ ನಡೀತಿದೆ ಅಂದರೆ "ದೇ ಆರ್ ರೈಸಿಂಗ್ ಇಟ್ಸ್ ಆರ್ಬಿಟ್ ದಿಸ್ ವೀಕ್". ಈ ಕ್ಷಣದಲ್ಲಿ ಯಾರೂ ಬಟನ್ ಒತ್ತುತ್ತಿರದಿದ್ದರೂ ಪರವಾಗಿಲ್ಲ. ಕಂಟಿನ್ಯೂಯಸ್ ಅಂದರೆ ಈ ನಿಮಿಷ ಅಂತಲೇ ಅಲ್ಲ, ಈ ದಿನಗಳಲ್ಲಿ ಅಂತಲೂ ಆಗುತ್ತದೆ. ಇದನ್ನು ಶಾಲೆಯ ಗೈಡುಗಳು ಸರಿಯಾಗಿ ಹೇಳುವುದೇ ಇಲ್ಲ ಅನ್ನುವುದು ನನ್ನ ಬೇಸರ.

ಇಂಟರ್‌ವ್ಯೂಗೆ ಹೋಗುವವರಿಗೆ ಒಂದು ಕಿವಿಮಾತು. "ವಾಟ್ ಡು ಯು ಡು?" ಅಂದರೆ ನಿಮ್ಮ ಉದ್ಯೋಗ ಏನು ಅಂತ. "ವಾಟ್ ಆರ್ ಯು ಡೂಯಿಂಗ್?" ಅಂದರೆ ಈಗ ಏನು ಮಾಡ್ತಿದ್ದೀರಿ ಅಂತ. ಮೊದಲ ಪ್ರಶ್ನೆಗೆ "ಐ ಆಮ್ ಸಿಟಿಂಗ್ ಹಿಯರ್ ಸರ್" ಅಂತ ಉತ್ತರ ಬಂದರೆ ಕೇಳಿದವರಿಗೆ ಮುಂದೇನು ಕೇಳಬೇಕೋ ತೋಚುವುದಿಲ್ಲ.

ನದಿ, ಮಳೆ, ಬೆಳೆ ಬಗ್ಗೆ ಹೇಳುವಾಗ ಯಾವುದು?

ಯಾವಾಗಲೂ ನಿಜವಾದ ಸಂಗತಿಗೆ ಸಿಂಪಲ್. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗದ ಹತ್ತಿರ, ಕೊನೆಗೆ ಸೇರುವುದು ಕಾವೇರಿಗೆ. "ದಿ ಹೇಮಾವತಿ ರೈಸಸ್ ನಿಯರ್ ಬಲ್ಲಾಳರಾಯನ ದುರ್ಗ ಅಂಡ್ ಜಾಯಿನ್ಸ್ ದಿ ಕಾವೇರಿ." ಜುಲೈ ತಿಂಗಳಲ್ಲಿ ಮಳೆ ಹಿಡಿದು ಹೊಳೆಯ ನೀರು ಗಂಟೆ ಗಂಟೆಗೂ ಏರುತ್ತಿದ್ದರೆ "ದಿ ರಿವರ್ ಈಸ್ ರೈಸಿಂಗ್". ಮೊದಲ ವಾಕ್ಯ ಭೂಗೋಳದ ಪಾಠ. ಎರಡನೆಯದು ಹೊಳೆ ದಂಡೆಯಲ್ಲಿ ಮನೆ ಇರುವವರಿಗೆ ಕೊಡುವ ಎಚ್ಚರಿಕೆ.

ಬೆಳೆಗೂ ಹೀಗೇ. ಅರೇಬಿಕಾ ಹಣ್ಣಾಗುವುದು ನವೆಂಬರ್ ಸುಮಾರಿಗೆ, ರೊಬಸ್ಟಾ ಅದಾದ ಮೇಲೆ. ಅದಕ್ಕೆ "ಅರೇಬಿಕಾ ರೈಪನ್ಸ್ ಬಿಫೋರ್ ರೊಬಸ್ಟಾ". ಈ ವರ್ಷ ನಿಮ್ಮ ತೋಟದಲ್ಲಿ ಕುಯ್ಲು ನಡೀತಿದ್ದರೆ "ವೀ ಆರ್ ಪಿಕಿಂಗ್ ಅರೇಬಿಕಾ ನೌ".

"ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್" ಯಾಕೆ ತಪ್ಪು?

ಅಣ್ಣ ತಮ್ಮಂದಿರು ಇರುವುದು ಒಂದು ಕೆಲಸ ಅಲ್ಲ. ಅದಕ್ಕೆ ಶುರು, ನಡು, ಕೊನೆ ಅಂತ ಇಲ್ಲ. ನಡುವೆ ನಿಂತು ನೋಡುವ ಮಾತೇ ಇಲ್ಲದ ಮೇಲೆ ಕಂಟಿನ್ಯೂಯಸ್ ಹೇಗೆ ಬರುತ್ತದೆ? "ಐ ಹ್ಯಾವ್ ಟೂ ಬ್ರದರ್ಸ್" ಅಂದರೆ ಸಾಕು. "ವೀ ಹ್ಯಾವ್ ಫೋರ್ ಏಕರ್ಸ್ ಆಫ್ ಕಾಫಿ", "ಐ ಹ್ಯಾವ್ ಎ ಡೌಟ್", "ಷೀ ಹ್ಯಾಸ್ ಫೀವರ್". ಇಲ್ಲೆಲ್ಲ ಇಂಗ್ ಬೇಡ.

ಇಂಥ ಕ್ರಿಯಾಪದಗಳನ್ನು ಸ್ಟೇಟಿವ್ ವರ್ಬ್ಸ್ ಅನ್ನುತ್ತಾರೆ. ಮಾಡುವ ಕೆಲಸವನ್ನಲ್ಲ, ಇರುವ ಸ್ಥಿತಿಯನ್ನು ಹೇಳುವವು. ಹೆಚ್ಚು ಬಳಕೆಯಲ್ಲಿರುವವು ಇವು: ನೋ, ಅಂಡರ್‌ಸ್ಟ್ಯಾಂಡ್, ಬಿಲೀವ್, ರಿಮೆಂಬರ್, ವಾಂಟ್, ನೀಡ್, ಲೈಕ್, ಲವ್, ಓನ್, ಬಿಲಾಂಗ್, ಕಾಸ್ಟ್, ಮೀನ್, ಸೀಮ್. ಇವುಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುವುದಕ್ಕಿಂತ ಒಂದು ಸುಲಭ ಪರೀಕ್ಷೆ ಇದೆ. ಕನ್ನಡದಲ್ಲಿ ಆ ಮಾತನ್ನು ಗೊತ್ತು, ಬೇಕು, ಇಷ್ಟ, ಇದೆ, ನೆನಪಿದೆ, ಅನ್ನಿಸುತ್ತೆ ಅಂತ ಹೇಳುತ್ತೀವಾ? ಹಾಗಿದ್ದರೆ ಇಂಗ್ಲಿಷಿನಲ್ಲಿ ಹೆಚ್ಚೂಕಮ್ಮಿ ಸಿಂಪಲ್ಲೇ. "ನಂಗೆ ಗೊತ್ತು" ಅನ್ನುತ್ತೇವೆಯೇ ಹೊರತು "ಗೊತ್ತಾಗುತ್ತಾ ಇದ್ದೇನೆ" ಅನ್ನುವುದಿಲ್ಲವಲ್ಲ.

ಹೀಗಿದ್ದರೂ "ಐ ಆಮ್ ನೋಯಿಂಗ್" ಅಂತ ಯಾಕೆ ಬರುತ್ತದೆ? ನಮ್ಮಲ್ಲಿ ಬಹಳ ಜನರಿಗೆ ಶಾಲೆಯಲ್ಲಿ ಮೊದಲು ಕೂರುವ ವಾಕ್ಯವೇ "ಐ ಆಮ್". "ಐ ಆಮ್ ಎ ಬಾಯ್, ಐ ಆಮ್ ಎ ಗರ್ಲ್" ಅಂತ ಹೇಳಿ ಹೇಳಿ, ಐ ಅಂದ ಕೂಡಲೇ ಆಮ್ ತಾನೇ ಬಂದುಬಿಡುತ್ತದೆ. ಆಮ್ ಬಂದ ಮೇಲೆ ಹಿಂದೆ ಇಂಗ್ ಬರಲೇಬೇಕು. ಬುದ್ಧಿ ಕಡಿಮೆ ಅಂತಲ್ಲ, ನಾಲಿಗೆಯ ರೂಢಿ ಅಷ್ಟೇ. ಇದನ್ನು ಮುರಿಯಲು "ಐ ನೋ, ಐ ವಾಂಟ್, ಐ ಹ್ಯಾವ್, ಐ ಲೈಕ್, ಐ ನೀಡ್" ಅನ್ನುವ ಐದನ್ನು ಒಂದೇ ಉಸಿರಿನಲ್ಲಿ ದಿನಾ ಹೇಳಿಕೊಳ್ಳಿ. ಐ ಆದ ಮೇಲೆ ಆಮ್ ಇಲ್ಲದೆಯೂ ಬದುಕಬಹುದು ಅಂತ ನಾಲಿಗೆಗೆ ಗೊತ್ತಾಗಬೇಕು.

ಹಾಗಾದರೆ "ಐ ಆಮ್ ಹ್ಯಾವಿಂಗ್ ಬ್ರೇಕ್‌ಫಾಸ್ಟ್" ಹೇಗೆ ಸರಿ?

ಅಲ್ಲಿ ಹ್ಯಾವ್ ಅಂದರೆ ತಿನ್ನುವುದು. ತಿನ್ನುವುದು ಕೆಲಸ, ಅದಕ್ಕೆ ನಡು ಇದೆ. ಒಂದೇ ಕ್ರಿಯಾಪದಕ್ಕೆ ಎರಡು ಅರ್ಥ ಇದ್ದಾಗ ಹೀಗಾಗುತ್ತದೆ. "ಐ ಥಿಂಕ್ ಇಟ್ ವಿಲ್ ರೇನ್" ಅಂದರೆ ಅದು ನನ್ನ ಅಭಿಪ್ರಾಯ. "ಐ ಆಮ್ ಥಿಂಕಿಂಗ್ ಅಬೌಟ್ ದಿ ಲೋನ್" ಅಂದರೆ ತಲೆಯಲ್ಲಿ ಲೆಕ್ಕ ಓಡುತ್ತಿದೆ. "ಐ ಸೀ ದಿ ಬಸ್" ಅಂದರೆ ಬಸ್ಸು ಕಣ್ಣಿಗೆ ಕಂಡಿತು. "ಐ ಆಮ್ ಸೀಯಿಂಗ್ ದಿ ಡಾಕ್ಟರ್ ಅಟ್ ಫೈವ್" ಅಂದರೆ ಐದಕ್ಕೆ ಡಾಕ್ಟರ ಹತ್ತಿರ ಹೋಗುವುದಿದೆ.

ಇದು ಚೆನ್ನಾಗಿ ಅರ್ಥವಾಗಬೇಕಾದರೆ ಕುಯ್ಲಿನ ಸಮಯದಲ್ಲಿ ಸಂಜೆ ಕಾಫಿ ತೋಟದ ಕಣದ ಹತ್ತಿರ ಹೋಗಿ ನಿಲ್ಲಿ. ಹೆಂಗಸರು ಹಣ್ಣು ತುಂಬಿದ ಚೀಲ ತಂದು ಸಾಲಾಗಿ ಇಡುತ್ತಾರೆ. ಒಂದೊಂದೇ ಚೀಲ ತಕ್ಕಡಿಗೆ ಏರುತ್ತದೆ. ರೈಟರ್ ಮುಳ್ಳು ನೋಡಿ ಕೂಗಿ ಹೇಳುತ್ತಾರೆ, ಹೆಸರಿನ ಮುಂದೆ ಕಿಲೋ ಬರೆದುಕೊಳ್ಳುತ್ತಾರೆ. ಇದನ್ನು ನೋಡುತ್ತಿರುವ ಅತಿಥಿಗೆ ನೀವು ಹೇಳಬೇಕಾದ್ದು "ದಿ ರೈಟರ್ ಈಸ್ ವೇಯಿಂಗ್ ದಿ ಬ್ಯಾಗ್ಸ್". ತೂಗುವುದು ರೈಟರ್ ಮಾಡುತ್ತಿರುವ ಕೆಲಸ. ಚೀಲ ಎಷ್ಟಿದೆ ಅಂತ ಕೇಳಿದರೆ "ದಿಸ್ ಬ್ಯಾಗ್ ವೇಯ್ಸ್ ಫಾರ್ಟಿ ಕಿಲೋಸ್". ಇಲ್ಲಿ ಚೀಲ ಏನೂ ಮಾಡುತ್ತಿಲ್ಲ, ಸುಮ್ನೆ ಅಷ್ಟು ಭಾರ ಇದೆ. ಅದಕ್ಕೇ ಸಿಂಪಲ್.

ಅದೇ ಅತಿಥಿ ಮಾರನೆ ದಿನ ಕಾಫಿ ಕುಡಿದು "ಇಟ್ ಟೇಸ್ಟ್ಸ್ ಬಿಟರ್" ಅಂದರೆ ಕಾಫಿಯ ಗುಣ ಹೇಳಿದರು. ಬಾಯಲ್ಲಿಟ್ಟು ಕಣ್ಣು ಮುಚ್ಚಿ ರುಚಿ ನೋಡುತ್ತಿದ್ದರೆ "ಷೀ ಈಸ್ ಟೇಸ್ಟಿಂಗ್ ಇಟ್".

"ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್" ಅಂತ ಎಲ್ಲರೂ ಹೇಳ್ತಾರಲ್ಲ? ಆಫೀಸಿನಲ್ಲೂ ಕೇಳಿದ್ದೀನಿ.

ಹೌದು, ಭಾರತದ ಇಂಗ್ಲಿಷಿನಲ್ಲಿ ಇದು ಬಹಳ ಹರಡಿದೆ. ನಮ್ಮ ನಮ್ಮಲ್ಲಿ ಮಾತಾಡುವಾಗ ಯಾರಿಗೂ ಅರ್ಥ ತಪ್ಪುವುದಿಲ್ಲ, ಹಾಗೆ ಮಾತಾಡುವವರನ್ನು ಯಾರೂ ಕೀಳಾಗಿ ನೋಡಬಾರದು. ಆದರೆ ಪರೀಕ್ಷೆಯಲ್ಲಿ ಮಾರ್ಕ್ಸ್ ಹೋಗುತ್ತದೆ, ಹೊರದೇಶದವರ ಜೊತೆ ಈಮೇಲ್ ಬರೆಯುವಾಗ ಎದ್ದು ಕಾಣುತ್ತದೆ. "ಐ ಡೋಂಟ್ ಅಂಡರ್‌ಸ್ಟ್ಯಾಂಡ್" ಕಲಿತಿಟ್ಟುಕೊಳ್ಳಿ. ಎಲ್ಲ ಕಡೆಯೂ ನಡೆಯುತ್ತದೆ.

ಚಿಕ್ಕವನಿದ್ದಾಗ ಹೊಳೆಯಲ್ಲಿ ಈಜುತ್ತಿದ್ದೆ ಅನ್ನೋದಕ್ಕೆ "ಐ ವಾಸ್ ಸ್ವಿಮ್ಮಿಂಗ್" ಅನ್ನಬಹುದಾ?

ಇದು ನಮ್ಮವರು ಅತಿ ಹೆಚ್ಚು ಎಡವುವ ಜಾಗ. ಎಡವಿದ್ದು ಗೊತ್ತೂ ಆಗುವುದಿಲ್ಲ.

ಕನ್ನಡದಲ್ಲಿ "ಈಜುತ್ತಿದ್ದೆ" ಅನ್ನುವ ಒಂದೇ ರೂಪ ಎರಡು ಕೆಲಸ ಮಾಡುತ್ತದೆ. "ನೀನು ಕರೆದಾಗ ನಾನು ಈಜುತ್ತಿದ್ದೆ" ಅಂದರೆ ಆ ಹೊತ್ತಿಗೆ ನೀರಿನಲ್ಲಿದ್ದೆ ಅಂತ. "ಚಿಕ್ಕವನಿದ್ದಾಗ ಹೇಮಾವತಿಯಲ್ಲಿ ಈಜುತ್ತಿದ್ದೆ" ಅಂದರೆ ಆಗೆಲ್ಲ ಅದು ರೂಢಿಯಾಗಿತ್ತು ಅಂತ. ಯಾವ ಅರ್ಥ ಅಂತ ನಮಗೆ ಸಂದರ್ಭದಿಂದ ತಿಳಿಯುತ್ತದೆ. ಇಂಗ್ಲಿಷ್ ಈ ಎರಡನ್ನೂ ಬೇರೆ ಬೇರೆ ರೂಪದಲ್ಲಿ ಹೇಳುತ್ತದೆ. ಮೊದಲನೆಯದಕ್ಕೆ "ಐ ವಾಸ್ ಸ್ವಿಮ್ಮಿಂಗ್ ವೆನ್ ಯು ಕಾಲ್ಡ್". ಎರಡನೆಯದಕ್ಕೆ "ಐ ಯೂಸ್ಡ್ ಟು ಸ್ವಿಮ್ ಇನ್ ದಿ ಹೇಮಾವತಿ". ಸುಮ್ನೆ "ಐ ಸ್ವ್ಯಾಮ್ ಎವ್ರಿ ಸಂಡೇ" ಅಂದರೂ ಆಗುತ್ತದೆ.

ಅಜ್ಜ ಅಜ್ಜಿಯ ಬಗ್ಗೆ, ಹಳೇ ಮನೆ ಬಗ್ಗೆ, ಶಾಲೆಯ ದಿನಗಳ ಬಗ್ಗೆ ಮಾತು ಬಂದಾಗ ಇದನ್ನು ಗಮನಿಸಿ. "ಮೈ ಗ್ರಾಂಡ್‌ಫಾದರ್ ವಾಸ್ ಗ್ರೋಯಿಂಗ್ ಪೊಟೇಟೋಸ್" ಅಂದರೆ ಕೇಳಿದವರು ಮುಂದಿನ ಮಾತಿಗೆ ಕಾಯುತ್ತಾರೆ. ಆಲೂಗಡ್ಡೆ ಬೆಳೆಯುತ್ತಿದ್ದಾಗ ಏನಾಯಿತು ಅಂತ. ನೀವು ಅಲ್ಲಿಗೇ ನಿಲ್ಲಿಸಿದರೆ ಕಥೆ ಅರ್ಧಕ್ಕೆ ನಿಂತ ಹಾಗಾಗುತ್ತದೆ. "ಮೈ ಗ್ರಾಂಡ್‌ಫಾದರ್ ಗ್ರೂ ಪೊಟೇಟೋಸ್" ಅಂದರೆ ಮಾತು ಪೂರ್ತಿ. "ಯೂಸ್ಡ್ ಟು ಗ್ರೋ" ಅಂದರೆ ಆಗ ಬೆಳೆಯುತ್ತಿದ್ದರು, ಈಗ ಆ ಬೆಳೆ ಇಲ್ಲ ಅನ್ನುವ ಅರ್ಥವೂ ಸೇರುತ್ತದೆ.

ಒಂದೇ ವಾಕ್ಯದಲ್ಲಿ ಪಾಸ್ಟ್ ಸಿಂಪಲ್, ಪಾಸ್ಟ್ ಕಂಟಿನ್ಯೂಯಸ್ ಎರಡೂ ಬಂದರೆ?

ಉದ್ದದ ಕೆಲಸಕ್ಕೆ ಕಂಟಿನ್ಯೂಯಸ್, ಅದರ ನಡುವೆ ಬಂದು ಬಿದ್ದ ಸಂಗತಿಗೆ ಸಿಂಪಲ್. "ವೀ ವರ್ ಡ್ರೈವಿಂಗ್ ಡೌನ್ ಶಿರಾಡಿ ಘಾಟ್ ವೆನ್ ಎ ಟ್ರೀ ಫೆಲ್." ಗಾಡಿ ಇಳಿಯುತ್ತಲೇ ಇತ್ತು, ಮರ ಬಿತ್ತು.

ಟೆನ್ಸ್ ಬದಲಾದರೆ ಕಥೆಯೇ ಬದಲಾಗುವುದನ್ನು ನೋಡಿ. "ವೆನ್ ದಿ ಗೆಸ್ಟ್ಸ್ ಅರೈವ್ಡ್, ಐ ವಾಸ್ ಮೇಕಿಂಗ್ ಕಾಫಿ" ಅಂದರೆ ಅವರು ಬರುವ ಮೊದಲೇ ಒಲೆ ಮೇಲೆ ಹಾಲು ಇತ್ತು. "ವೆನ್ ದಿ ಗೆಸ್ಟ್ಸ್ ಅರೈವ್ಡ್, ಐ ಮೇಡ್ ಕಾಫಿ" ಅಂದರೆ ಅವರು ಬಂದ ಮೇಲೆ ಹಾಲಿಟ್ಟಿರಿ.

ಬೇಲೂರಿನಲ್ಲಿ ಗೈಡ್ ಆಗಬೇಕು. ದೇವಸ್ಥಾನ ತೋರಿಸುವಾಗ ಯಾವ ಟೆನ್ಸ್?

ಈ ಪ್ರಶ್ನೆ ಕೇಳಿದರೆ ನನಗೆ ಖುಷಿ. ಒಂದು ದೇವಸ್ಥಾನ ಸುತ್ತಿ ಬರುವಷ್ಟರಲ್ಲಿ ಮೂರು ಟೆನ್ಸ್ ಕಲಿಯಬಹುದು.

ಚರಿತ್ರೆ ಹೇಳುವಾಗ ಸಿಂಪಲ್ ಪಾಸ್ಟ್. ಚೆನ್ನಕೇಶವನ ಪ್ರತಿಷ್ಠೆ ಆದದ್ದು 1117ರಲ್ಲಿ, ಮಾಡಿಸಿದವನು ವಿಷ್ಣುವರ್ಧನ. "ಕಿಂಗ್ ವಿಷ್ಣುವರ್ಧನ ಬಿಲ್ಟ್ ದಿಸ್ ಟೆಂಪಲ್." ನಮ್ಮ ಹುಡುಗರು "ವಾಸ್ ಬಿಲ್ಡಿಂಗ್" ಅಂದುಬಿಡುತ್ತಾರೆ. ಆಗ ಕಟ್ಟುತ್ತಾ ಇದ್ದ, ಮುಗಿಸಿದನೋ ಇಲ್ಲವೋ ಅನ್ನುವ ಅನುಮಾನ ಪ್ರವಾಸಿಗೆ ಬರುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅದಕ್ಕೂ ಸಿಂಪಲ್ ಪಾಸ್ಟ್.

ಕಟ್ಟಡವನ್ನು ವರ್ಣಿಸುವಾಗ ಸಿಂಪಲ್ ಪ್ರೆಸೆಂಟ್. "ದಿ ಟೆಂಪಲ್ ಸ್ಟ್ಯಾಂಡ್ಸ್ ಆನ್ ಎ ಹೈ ಪ್ಲಾಟ್‌ಫಾರ್ಮ್." ಜಗಲಿಯ ಮೇಲೆ ನಿಂತಿದೆ, ನಾಳೆಯೂ ಅಲ್ಲೇ ಇರುತ್ತದೆ.

ಶಿಲ್ಪದ ಮುಂದೆ ನಿಂತಾಗ ಮಾತ್ರ ಕಂಟಿನ್ಯೂಯಸ್ ಬರುತ್ತದೆ. ದರ್ಪಣ ಸುಂದರಿಯನ್ನು ತೋರಿಸಿ "ಷೀ ಈಸ್ ಲುಕಿಂಗ್ ಅಟ್ ಹರ್ಸೆಲ್ಫ್ ಇನ್ ಎ ಮಿರರ್" ಅನ್ನಬೇಕು. ಕಲ್ಲಾದರೂ ಅವಳು ಕನ್ನಡಿ ನೋಡುತ್ತಲೇ ಇದ್ದಾಳೆ. ಚಿತ್ರ, ಫೋಟೋ, ಶಿಲ್ಪ ಯಾವುದೇ ಇರಲಿ, ಅದರೊಳಗೆ ನಡೆಯುತ್ತಿರುವ ಕೆಲಸಕ್ಕೆ ಇಂಗ್ ರೂಪ. "ಹೀ ಈಸ್ ಪ್ಲೇಯಿಂಗ್ ದಿ ಡ್ರಮ್", "ದಿ ಸೋಲ್ಜರ್ಸ್ ಆರ್ ಮಾರ್ಚಿಂಗ್". ನಾನು ಹೇಳುವುದಿಷ್ಟು. ಬೇಲೂರಿಗೆ ಹೋಗಿ ಒಂದು ಗೋಡೆಯನ್ನು ಆರಿಸಿಕೊಳ್ಳಿ. ಅಲ್ಲಿರುವ ಒಂದೊಂದು ಮೂರ್ತಿಯೂ ಏನು ಮಾಡುತ್ತಿದೆ ಅಂತ ಇಂಗ್ಲಿಷಿನಲ್ಲಿ ಹೇಳುತ್ತಾ ಹೋಗಿ. ಯಾವ ವರ್ಕ್‌ಬುಕ್ಕಿನಲ್ಲೂ ಅಷ್ಟು ಅಭ್ಯಾಸ ಸಿಗುವುದಿಲ್ಲ.

ದೇವಸ್ಥಾನಕ್ಕೆ "ಸ್ಟ್ಯಾಂಡ್ಸ್" ಅಂದಿರಿ. "ಈಸ್ ಸ್ಟ್ಯಾಂಡಿಂಗ್" ಯಾವಾಗ?

ಸ್ವಲ್ಪ ಹೊತ್ತಿನ ನಿಲುವಿಗೆ. "ಎ ಬಸ್ ಈಸ್ ಸ್ಟ್ಯಾಂಡಿಂಗ್ ಇನ್ ಫ್ರಂಟ್ ಆಫ್ ದಿ ಟೆಂಪಲ್."

ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ವಿಷಯದಲ್ಲಿ ಎರಡೂ ಬರುತ್ತವೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಈಗ ಗೊರೂರು ಅಣೆಕಟ್ಟೆಯ ಹಿನ್ನೀರಿನ ಅಂಚಿನಲ್ಲಿದೆ. "ದಿ ಚರ್ಚ್ ಸ್ಟ್ಯಾಂಡ್ಸ್ ನಿಯರ್ ಶೆಟ್ಟಿಹಳ್ಳಿ" ಅಂದರೆ ಅದು ಇರುವ ಜಾಗ. ಮಳೆಗಾಲದಲ್ಲಿ ಹೋದರೆ ಗೋಡೆಯ ಸುತ್ತ ನೀರು. ಆಗ "ದಿ ಚರ್ಚ್ ಈಸ್ ಸ್ಟ್ಯಾಂಡಿಂಗ್ ಇನ್ ವಾಟರ್ ನೌ". ಬೇಸಿಗೆಗೆ ನೀರು ಇಳಿಯುತ್ತದೆ, ಎರಡನೆಯ ವಾಕ್ಯ ಆಗ ಹೊಂದುವುದಿಲ್ಲ.

"ನಾಳೆ ಬರ್ತೀನಿ" ಅನ್ನೋದಕ್ಕೆ "ಐ ಕಮ್ ಟುಮಾರೋ" ಸರಿಯಾ?

ಸರಿಯಲ್ಲ. ಕನ್ನಡದ "ಬರ್ತೀನಿ" ದಿನಾ ಬರುವುದಕ್ಕೂ ಆಗುತ್ತದೆ, ನಾಳೆ ಬರುವುದಕ್ಕೂ ಆಗುತ್ತದೆ. ಇಂಗ್ಲಿಷಿನಲ್ಲಿ ನಾಳೆಗೆ ಬೇರೆ ದಾರಿ ಇದೆ. ಮೊದಲೇ ಗೊತ್ತು ಮಾಡಿಕೊಂಡಿದ್ದರೆ "ಐ ಆಮ್ ಕಮಿಂಗ್ ಟುಮಾರೋ". ಆ ಕ್ಷಣದಲ್ಲಿ ತೀರ್ಮಾನಿಸಿ ಮಾತು ಕೊಡುವುದಾದರೆ "ಐ ವಿಲ್ ಕಮ್ ಟುಮಾರೋ". ಅನುಮಾನ ಬಂದರೆ ವಿಲ್ ಹಾಕಿ, ಅರ್ಥ ಕೆಡುವುದಿಲ್ಲ.

ಸಿಂಪಲ್ ಪ್ರೆಸೆಂಟ್ ಮುಂದಿನ ಕಾಲಕ್ಕೆ ಬರುವುದು ಟೈಂಟೇಬಲ್ ಇದ್ದಾಗ. ಬಸ್ಸು, ರೈಲು, ಪರೀಕ್ಷೆ, ಸಿನಿಮಾ ಶೋ. "ದಿ ಬಸ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ." ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ ನಡೆಯುತ್ತದೆ, ಹಿಂದಿನದು ನಡೆದದ್ದು 2018ರಲ್ಲಿ. ಆ ಲೆಕ್ಕದಲ್ಲಿ ಮುಂದಿನದು 2030ಕ್ಕೆ. ಪದ್ಧತಿ ಹೇಳುವಾಗ "ಇಟ್ ಟೇಕ್ಸ್ ಪ್ಲೇಸ್ ಎವ್ರಿ ಟ್ವೆಲ್ವ್ ಇಯರ್ಸ್". ಮುಂದಿನ ಸಲದ ಬಗ್ಗೆ ಹೇಳುವಾಗ ವಿಲ್ ಬರುತ್ತದೆ.

ಇನ್ನೊಂದು ವಿಷಯ. ಮನೆಯಲ್ಲಿ ಯಾರಾದರೂ ಕರೆದರೆ ಎದ್ದೇಳುವ ಮುಂಚೆಯೇ "ಬಂದೆ, ಬಂದೆ" ಅನ್ನುತ್ತೇವೆ. ಕನ್ನಡದಲ್ಲಿ ಅದು ಸರಿ. ಇಂಗ್ಲಿಷಿನಲ್ಲಿ "ಐ ಕೇಮ್" ಅಂದರೆ ಆಗಲೇ ಬಂದು ಆಯಿತು ಅಂತ. "ಕಮಿಂಗ್!" ಅನ್ನಿ ಸಾಕು.

"ಐ ವಿಲ್ ಬಿ ವೇಯ್ಟಿಂಗ್" ಅಂತಾರಲ್ಲ, ಅದು ಯಾವುದು?

ಫ್ಯೂಚರ್ ಕಂಟಿನ್ಯೂಯಸ್. ಮುಂದಿನ ಒಂದು ಹೊತ್ತಿನಲ್ಲಿ ಕೆಲಸ ನಡೆಯುತ್ತಿರುತ್ತದೆ ಅನ್ನುವುದಕ್ಕೆ. "ಐ ವಿಲ್ ಬಿ ವೇಯ್ಟಿಂಗ್ ಅಟ್ ದಿ ಬಸ್ ಸ್ಟ್ಯಾಂಡ್ ಅಟ್ ಟೆನ್." ನೀವು ಇಳಿಯುವ ಹೊತ್ತಿಗೆ ನಾನು ಅಲ್ಲಿ ಕಾಯುತ್ತಿರುತ್ತೇನೆ. ಕನ್ನಡದ "ಕಾಯುತ್ತಿರುತ್ತೇನೆ" ಇದಕ್ಕೆ ಸರಿಯಾಗಿ ಹೊಂದುತ್ತದೆ.

"ಐ ಆಮ್ ಲಿವಿಂಗ್ ಇನ್ ಹಾಸನ್ ಸಿನ್ಸ್ ಫೈವ್ ಇಯರ್ಸ್" ಅನ್ನುವುದರಲ್ಲಿ ಏನು ತಪ್ಪು?

ಎರಡು ತಪ್ಪು. ಹಿಂದೆ ಶುರುವಾಗಿ ಇವತ್ತಿನವರೆಗೂ ನಡೆದು ಬಂದದ್ದಕ್ಕೆ ಆಮ್ ಸಾಲದು, "ಹ್ಯಾವ್ ಬೀನ್" ಬೇಕು. ಎಷ್ಟು ಕಾಲ ಅಂತ ಹೇಳುವಾಗ ಫಾರ್, ಯಾವಾಗಿನಿಂದ ಅಂತ ಹೇಳುವಾಗ ಸಿನ್ಸ್. ಕನ್ನಡದಲ್ಲಿ "ಐದು ವರ್ಷದಿಂದ", "2020ರಿಂದ" ಎರಡಕ್ಕೂ ಇಂದ ಅನ್ನುತ್ತೇವೆ, ಗೊಂದಲ ಬರುವುದು ಅಲ್ಲೇ. "ಐ ಹ್ಯಾವ್ ಬೀನ್ ಲಿವಿಂಗ್ ಇನ್ ಹಾಸನ್ ಫಾರ್ ಫೈವ್ ಇಯರ್ಸ್." ವರ್ಷ ಹೇಳುವುದಾದರೆ "ಸಿನ್ಸ್ 2020". ಸ್ಟೇಟಿವ್ ವರ್ಬ್ ಆದರೆ ಇಲ್ಲೂ ಇಂಗ್ ಬರುವುದಿಲ್ಲ: "ಐ ಹ್ಯಾವ್ ನೋನ್ ಹರ್ ಫಾರ್ ಟೆನ್ ಇಯರ್ಸ್."

ಪ್ರಶ್ನೆ ಕೇಳುವಾಗ ಡು ಬರಬೇಕಾ, ಆರ್ ಬರಬೇಕಾ?

ಸಿಂಪಲ್ ಆದರೆ ಡು ಅಥವಾ ಡಸ್, ಕಂಟಿನ್ಯೂಯಸ್ ಆದರೆ ಆಮ್, ಈಸ್, ಆರ್. ಎರಡನ್ನೂ ಬೆರೆಸಬೇಡಿ. "ಆರ್ ಯು ಲೈಕ್ ಕಾಫಿ?" ಅನ್ನುವುದು ಹೀಗೆ ಬೆರೆತು ಹುಟ್ಟಿದ ವಾಕ್ಯ. "ಡು ಯು ಲೈಕ್ ಕಾಫಿ?" ಸರಿ. ಡಸ್ ಬಂದಾಗ ಕ್ರಿಯಾಪದದ ಕೊನೆಯ ಎಸ್ ಬಿಟ್ಟುಬಿಡಿ: "ಡಸ್ ಷೀ ವರ್ಕ್ ಹಿಯರ್?"

ಹೋಂಸ್ಟೇಯವರು ಒಂದು ಜೋಡಿಯನ್ನು ಚೆನ್ನಾಗಿ ತಿಳಿದಿರಬೇಕು. "ವೇರ್ ಡು ಯು ಕಮ್ ಫ್ರಮ್?" ಅಂದರೆ ನಿಮ್ಮ ಊರು ಯಾವುದು. "ವೇರ್ ಆರ್ ಯು ಕಮಿಂಗ್ ಫ್ರಮ್?" ಅಂದರೆ ಈಗ ಯಾವ ಕಡೆಯಿಂದ ಬರ್ತಿದ್ದೀರಿ. ಅತಿಥಿ ಕೇರಳದವರು ಇರಬಹುದು, ಇವತ್ತು ಬೆಳಿಗ್ಗೆ ಮೈಸೂರಿನಿಂದ ಹೊರಟಿರಬಹುದು. ಎರಡೂ ಪ್ರಶ್ನೆಗೆ ಉತ್ತರ ಬೇರೆ.

"ಹೀ ಈಸ್ ಆಲ್ವೇಸ್ ಕಂಪ್ಲೇನಿಂಗ್" ಅಂತ ಓದಿದೆ. ಆಲ್ವೇಸ್ ಇದ್ದರೆ ಸಿಂಪಲ್ ಅಲ್ವಾ?

ಸಾಮಾನ್ಯವಾಗಿ ಸಿಂಪಲ್ಲೇ. ಆದರೆ ಸಿಟ್ಟು, ಬೇಸರ, ಕೆಲವು ಸಲ ಅಕ್ಕರೆ ಬೆರೆಸಿ ಹೇಳುವಾಗ ಕಂಟಿನ್ಯೂಯಸ್ ಬರುತ್ತದೆ. "ಯಾವಾಗ ನೋಡಿದ್ರೂ ಗೊಣಗ್ತಾನೇ ಇರ್ತಾನೆ" ಅನ್ನುವಾಗ ನಮ್ಮ ದನಿ ಹೇಗಿರುತ್ತದೋ ಹಾಗೆ.

ಕ್ರಿಕೆಟ್ ಕಾಮೆಂಟರಿಯಲ್ಲಿ ಈಗ ನಡೆಯುತ್ತಿರುವುದನ್ನೂ ಸಿಂಪಲ್‌ನಲ್ಲಿ ಹೇಳ್ತಾರಲ್ಲ?

ಹೌದು. "ಹೀ ಬೌಲ್ಸ್, ಷೀ ಹಿಟ್ಸ್" ಅಂತ. ಅಲ್ಲಿ ಒಂದೊಂದೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ, ನಡುವೆ ನಿಲ್ಲಲು ಸಮಯವೇ ಇಲ್ಲ. ಅಡುಗೆ ತೋರಿಸುವವರೂ ಹೀಗೆ ಹೇಳುತ್ತಾರೆ.

"ದಿ ರೋಡ್ ಈಸ್ ಬೀಯಿಂಗ್ ರಿಪೇರ್ಡ್" ತುಂಬಾ ಗಜಿಬಿಜಿ. ಹೀಗೇ ಹೇಳಬೇಕಾ?

ಹೀಗೇ ಹೇಳಬೇಕು. ರಸ್ತೆ ತಾನೇ ರಿಪೇರಿ ಮಾಡುತ್ತಿಲ್ಲ, ಅದರ ಮೇಲೆ ಕೆಲಸ ನಡೀತಿದೆ. ನಿಮಗೆ ಕಷ್ಟ ಅನ್ನಿಸಿದರೆ ಅದರಲ್ಲಿ ಆಶ್ಚರ್ಯ ಇಲ್ಲ. ಇಂಗ್ಲಿಷಿಗೇ ಇದು ಹೊಸದು. 18ನೇ ಶತಮಾನದ ಕೊನೆಯ ಹೊತ್ತಿಗೆ ಈ ರೂಪ ಬಳಕೆಗೆ ಬಂತು. ಅದಕ್ಕೂ ಮುಂಚೆ ಮನೆ ಕಟ್ಟಲಾಗುತ್ತಿದೆ ಅನ್ನುವುದಕ್ಕೆ ಅವರು "ದಿ ಹೌಸ್ ಈಸ್ ಬಿಲ್ಡಿಂಗ್" ಅನ್ನುತ್ತಿದ್ದರು. ಹೊಸ ರೂಪ ಬಂದಾಗ ಅಲ್ಲಿನ ವ್ಯಾಕರಣದವರೇ ಬಹಳ ಕಾಲ ತಕರಾರು ಮಾಡಿದರು.

ಮಗುವಿನ ಹೋಂವರ್ಕ್‌ನಲ್ಲಿ ನೌ ಇದ್ದರೆ ಇಂಗ್ ಹಾಕು, ಎವ್ರಿ ಡೇ ಇದ್ದರೆ ಹಾಕಬೇಡ ಅಂತ ಹೇಳಿಕೊಟ್ಟಿದ್ದಾರೆ. ಸಾಕಾ?

ನಾಲ್ಕು, ಐದನೇ ಕ್ಲಾಸಿಗೆ ಸಾಕು. ಅದಕ್ಕಿಂತ ಮುಂದೆ ಸಾಲದು. "ಐ ಅಂಡರ್‌ಸ್ಟ್ಯಾಂಡ್ ನೌ" ಅನ್ನುವುದರಲ್ಲಿ ನೌ ಇದೆ, ಇಂಗ್ ಇಲ್ಲ. "ಐ ಆಮ್ ವಾಕಿಂಗ್ ಟು ಸ್ಕೂಲ್ ಎವ್ರಿ ಡೇ ದಿಸ್ ವೀಕ್, ಬಿಕಾಸ್ ಮೈ ಸೈಕಲ್ ಈಸ್ ಬ್ರೋಕನ್" ಅನ್ನುವುದರಲ್ಲಿ ಎವ್ರಿ ಡೇ ಇದೆ, ಇಂಗೂ ಇದೆ. ಮಗುವಿಗೆ ಗುರುತಿನ ಪದ ಹುಡುಕಲು ಹೇಳುವ ಬದಲು, ಇದು ಯಾವಾಗಲೂ ಹೀಗೇನಾ, ಈಗ ಮಾತ್ರ ಹೀಗಾ ಅಂತ ಕೇಳಿ. ಮಕ್ಕಳು ತಕ್ಷಣ ಹೇಳುತ್ತಾರೆ. ಸ್ಪೆಲ್ಲಿಂಗ್ ಬಗ್ಗೆ ಒಂದೇ ಮಾತು. ಮೇಕ್, ರೈಟ್, ಕಮ್ ಇಂಥವುಗಳಿಗೆ ಇಂಗ್ ಸೇರಿಸುವಾಗ ಕೊನೆಯ ಇ ಅಕ್ಷರ ಬಿಟ್ಟುಹೋಗುತ್ತದೆ. ರನ್, ಸಿಟ್, ಸ್ವಿಮ್ ಇಂಥವುಗಳಲ್ಲಿ ಕೊನೆಯ ಅಕ್ಷರ ಎರಡಾಗುತ್ತದೆ.

ಮನೆಯಲ್ಲಿ ಅಭ್ಯಾಸ ಮಾಡೋದು ಹೇಗೆ? ಇಂಗ್ಲಿಷ್ ಮಾತಾಡುವವರು ಯಾರೂ ಇಲ್ಲ.

ಯಾರೂ ಬೇಕಾಗಿಲ್ಲ. ರಾತ್ರಿ ಊಟ ಆದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಿರಿ. ದಿನಾ ಮಾಡುವುದು ಒಂದು, ಇವತ್ತು ಮಾಡಿದ್ದು ಒಂದು, ಬರೆಯುತ್ತಿರುವ ಹೊತ್ತಿನಲ್ಲಿ ಮನೆಯಲ್ಲಿ ನಡೆಯುತ್ತಿರುವುದು ಒಂದು, ನಾಳೆಯದು ಒಂದು. ನನ್ನ ಹತ್ತಿರ ಬರುವ ಎಸ್ಟೇಟ್ ರೈಟರ್ ಒಬ್ಬರು ತೋಟದ ಲೆಕ್ಕದ ಜೊತೆಗೇ ಹೀಗೆ ಬರೆಯುತ್ತಾರೆ. ಅವರ ಒಂದು ಪುಟ ಹೀಗಿದೆ:

"ಐ ಗೆಟ್ ಅಪ್ ಅಟ್ ಫೈವ್. ಟುಡೇ ವೀ ಪಿಕ್ಡ್ ದಿ ಲೋವರ್ ಬ್ಲಾಕ್. ಮೈ ಡಾಟರ್ ಈಸ್ ಸ್ಟಡಿಯಿಂಗ್ ಅಂಡ್ ಮೈ ವೈಫ್ ಈಸ್ ಟಾಕಿಂಗ್ ಟು ಹರ್ ಮದರ್ ಆನ್ ದಿ ಫೋನ್. ಟುಮಾರೋ ದಿ ಲಾರಿ ಈಸ್ ಕಮಿಂಗ್."